ಎಂಬತ್ತೊಂಬತ್ತರ ಹಟ

ನಾಗಭೂಷಣ್ ಮೇಷ್ಟ್ರಿಗೆ ಆ ಲೆಕ್ಕ ಹೇಳಿಕೊಟ್ಟ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಪುರವರದ ಹೈಸ್ಕೂಲಿನಲ್ಲಿ ಇಬ್ಬರೂ ಗಣಿತದವರು. ಆರು ವರ್ಷದಿಂದ ಮಧುಗಿರಿಯಲ್ಲಿ ಒಂದೇ ಬಸ್ಸು ಹತ್ತುತ್ತಿದ್ದೆವು. ಅವರನ್ನು ಅಣ್ಣ ಎನ್ನುತ್ತಿದ್ದೆ, ಬಾಯಿಮಾತಿಗಲ್ಲ.

ಲೆಕ್ಕ ಸುಲಭ. ಒಂದು ಸಂಖ್ಯೆಯನ್ನು ತಿರುಗಿಸಿ ಬರೆದು ಕೂಡಬೇಕು. ಬಂದ ಮೊತ್ತವನ್ನೂ ಹಾಗೇ ಮಾಡಬೇಕು, ಎಡದಿಂದಲೂ ಬಲದಿಂದಲೂ ಒಂದೇ ಥರ ಓದಿಸಿಕೊಳ್ಳುವ ಸಂಖ್ಯೆ ಸಿಗುವ ತನಕ. ಎರಡಂಕಿಯವು ಬಹುಪಾಲು ಬೇಗ ಮುಗಿಯುತ್ತವೆ. ಎಂಬತ್ತೊಂಬತ್ತು ಮಾತ್ರ ಮಹಾ ಹಟಮಾರಿ. ಇಪ್ಪತ್ತನಾಲ್ಕು ಸಲ ಕೂಡಿಸಿಕೊಂಡು ಕೊನೆಗೆ 8813200023188 ಆಗಿ ನಿಲ್ಲುತ್ತದೆ. ಅಷ್ಟರಲ್ಲಿ ಮಕ್ಕಳು ಎಲ್ಲೋ ಎಡವಿರುತ್ತವೆ. ಎಲ್ಲಿ ಅಂತ ಹುಡುಕುವುದು?

ಒಂದು ಬೇಸಿಗೆ ರಜೆಯೆಲ್ಲ ಕೂತು ದಾರಿ ಕಂಡುಕೊಂಡೆ. ಎರಡಂಕಿಯಿಂದ ಹೊರಟರೆ ಪ್ರತಿ ಮೊತ್ತವೂ ಹನ್ನೊಂದರಿಂದ ಭಾಗವಾಗಲೇಬೇಕು. ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ, ಬಿಟ್ಟವನ್ನೂ ಕೂಡಿ. ಎರಡರ ವ್ಯತ್ಯಾಸ ಸೊನ್ನೆಯೋ ಹನ್ನೊಂದರ ಗುಣಕವೋ ಆಗದಿದ್ದರೆ ಅಲ್ಲಿ ತಪ್ಪಿದೆ. ಏಕೆ ಎಂಬುದನ್ನೂ ಬಸ್ಸಿನಲ್ಲಿ ಬಿಡಿಸಿ ಹೇಳಿದ್ದೆ. ಅಣ್ಣ ತಲೆಯಾಡಿಸಿದ್ದರು.

“ಮಧುಗಿರೀಲಿ ಗಣಿತದೋರ ಸಭೆ ಐತೆ. ನೀನೇ ಹೇಳ್ಬೇಕು ಕಣಮ್ಮ. ಹೆಸ್ರು ನಾನು ಬರೆಸ್ತೀನಿ” ಎಂದಿದ್ದರು.

ಬರೆಸಿದ್ದು ಅವರ ಹೆಸರನ್ನು. ಶಿರಾ, ಕೊರಟಗೆರೆ, ಪಾವಗಡದವರೆಲ್ಲ ಕೂತಿದ್ದ ಸಭೆಯಲ್ಲಿ “ಇದು ನಾನು ಕಂಡ್ಕೊಂಡ ವಿಧಾನ” ಎಂದು ಅವರು ಶುರು ಮಾಡಿದಾಗಲೇ ನನಗೆ ಗೊತ್ತಾದದ್ದು. ಮೈಯೆಲ್ಲ ಉರಿದುಹೋಯಿತು. ನನ್ನ ಉದಾಹರಣೆ, ನನ್ನ ಮಾತು, ನಾನು ಮಕ್ಕಳಿಗೆ ಮಾಡುವ ತಮಾಷೆಯನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ.

ಎಂಬತ್ತೊಂಬತ್ತರ ಆ ಕೊನೆಯ ಸಂಖ್ಯೆಯನ್ನು ಚಾರ್ಟಿನ ಮೇಲೆ ಅವರೇ ಬರೆದಿದ್ದರು. ಎರಡು ಕಡೆಯೂ ಒಂದೇ ತಾನೇ ಎಂದು ಎಡಭಾಗ ಮಾತ್ರ ನೆನಪಿನಿಂದ ಬರೆದು, ಅದನ್ನೇ ತಿರುಗಿಸಿ ಬಲಕ್ಕೆ ಕೂರಿಸಿದ್ದರು. ಎಡಭಾಗದಲ್ಲೇ 32 ಹೋಗಿ 23 ಆಗಿತ್ತು: 8812300032188. ಯಾವ ಕಡೆಯಿಂದ ಓದಿದರೂ ಚೆನ್ನಾಗೇ ಕಾಣುತ್ತಿತ್ತು.

ಪಾವಗಡದ ಭೀಮರಾಜು ಮೇಷ್ಟ್ರು ಎದ್ದರು. “ಸಾರ್, ನೀವು ಹೇಳ್ದಂಗೇ ಒಂದ್ ಬಿಟ್ಟು ಒಂದ್ ಕೂಡ್ದೆ. ಒಂದ್ಕಡೆ ಇಪ್ಪತ್ನಾಲ್ಕು, ಇನ್ನೊಂದ್ಕಡೆ ಇಪ್ಪತ್ತು. ತಪ್ಪೈತಲ್ಲ?”

ಅಣ್ಣ ನಕ್ಕರು. “ಚಾರ್ಟ್ ಬರ್ದಿದ್ದು ನಮ್ಮ ಸಹನಾ ಮೇಡಮ್ಮು. ಏನೋ ಗಡಿಬಿಡಿ ಮಾಡ್ಬುಟ್ಟವ್ರೆ, ಬುಡಿ.”

ಅಷ್ಟು ಹೊತ್ತಿನಲ್ಲಿ ಮೊದಲ ಸಲ ನನ್ನ ಹೆಸರು ಬಂತು, ತಪ್ಪು ಹೊರಿಸಲಿಕ್ಕೆ. ಎಲ್ಲರೂ ತಿರುಗಿ ನೋಡಿದರು. ಎದ್ದುಹೋಗಿ ಬೋರ್ಡಿನ ಮೇಲೆ ಹದಿಮೂರು ಅಂಕಿಯನ್ನೂ ಸರಿಯಾಗಿ ಬರೆದೆ. ಕೂಡಿ ತೋರಿಸಿದೆ: ಈ ಕಡೆ ಇಪ್ಪತ್ತೆರಡು, ಆ ಕಡೆಯೂ ಇಪ್ಪತ್ತೆರಡು. ಚಪ್ಪಾಳೆ ಬಿತ್ತು.

“ನಾನೇ ತಯಾರು ಮಾಡಿರೋ ಹುಡುಗಿ” ಎಂದರು ಅಣ್ಣ. ಚಪ್ಪಾಳೆ ಇನ್ನೂ ಜೋರಾಯಿತು.

ಭೀಮರಾಜು ಇನ್ನೂ ಕೂತಿರಲಿಲ್ಲ. “ಅದ್ಸರಿ ಸಾರ್, ಹನ್ನೊಂದೇ ಯಾಕೆ?”

ಉತ್ತರ ಎರಡು ಮಾತಿನದು. ಎಂಬತ್ತೊಂಬತ್ತಕ್ಕೆ ತೊಂಬತ್ತೆಂಟು ಸೇರಿದರೆ ಹದಿನೇಳರ ಹನ್ನೊಂದು ಪಟ್ಟು. ಹನ್ನೊಂದರ ಗುಣಕವನ್ನು ತಿರುಗಿಸಿದರೂ ಅದು ಹನ್ನೊಂದರ ಗುಣಕವೇ, ಹಾಗಾಗಿ ಕೊನೆಯವರೆಗೂ ತಪ್ಪುವುದಿಲ್ಲ. ಅಣ್ಣ ಚಾರ್ಟು ನೋಡಿದರು, ಬೋರ್ಡು ನೋಡಿದರು. ಆಮೇಲೆ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದರು: “ಹೇಳಮ್ಮ, ಸಹನಾ.”

ಚಾಕ್‌ಪೀಸನ್ನು ಅವರ ಕೈಗಿಟ್ಟು, ಹೋಗಿ ನನ್ನ ಜಾಗದಲ್ಲಿ ಕೂತೆ.