ಕೈ ಎತ್ತಿದವರ ರೈಲು

ಅಪ್ಪನ ಕೈಗಡಿಯಾರ ಬಿಚ್ಚಿ ತನ್ನ ಕೈಗೆ ಕಟ್ಟಿಕೊಳ್ಳುತ್ತಿದ್ದ ಮಗಳು ತಟ್ಟನೆ ನಿಂತಳು. ಅದರಲ್ಲಿ ಹನ್ನೊಂದಕ್ಕೆ ಐದು ನಿಮಿಷ. ತಲೆಯೆತ್ತಿದರೆ, ಗೋಡೆ ಗಡಿಯಾರ ಹನ್ನೊಂದಕ್ಕೆ ಇನ್ನೂ ಹನ್ನೆರಡು ನಿಮಿಷವಿದೆ ಎನ್ನುತ್ತಿತ್ತು.

“ಅದೇನೇ ಅದನ್ನ ಹಾಗೆ ನೋಡ್ತೀಯಾ?” ಎಂದಳು ಸೋದರತ್ತೆ, ಶವಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡೇ. “ನಮ್ಮಣ್ಣ ಇದ್ದಾಗಲೂ ಅದರ ಮುಖ ನೋಡಿದ್ದು ಅಷ್ಟರಲ್ಲೇ ಇದೆ.”

ಸುತ್ತಲಿದ್ದವರು ನಕ್ಕರು. ಬೆಳಗಿನಿಂದಲೂ ಹಾಗೇ. ಅಳಲು ಬಂದವರೆಲ್ಲ ಅಪ್ಪನದೊಂದು ಕತೆ ಹೇಳಿ, ನಗಿಸಿ ಕೂರುತ್ತಿದ್ದರು. ಮೂವತ್ತೊಂದು ವರ್ಷ ಅವನು ಈ ದಾರಿಯ ಡೀಸೆಲ್ ಪ್ಯಾಸೆಂಜರ್ ಓಡಿಸಿದ್ದ. ಮೇಲೆ ಕರೆಂಟಿನ ತಂತಿಯಿಲ್ಲದ ಹಳಿ. ಬೋಗಿ ಮೂರೇ, ಹೊಗೆ ಮಾತ್ರ ಮೂವತ್ತು ಬೋಗಿಯಷ್ಟು. ಓಡಿ ಬರುವವರು ಕೈ ಎತ್ತಿದರೆ ಸಾಕು, ಎರಡು ಸಲ ಚುಟುಕಾಗಿ ಹಾರ್ನ್ ಹೊಡೆದು ಕಾಯುತ್ತಿದ್ದ. ಹೀಗಾಗಿ ದಿನಾ ಏಳು ನಿಮಿಷ ತಡ. ಮೇಲಿನವರು ಮೆಮೊ ಕೊಟ್ಟು ಕೊಟ್ಟು ಸೋತರು. ಊರವರೋ, ರೈಲನ್ನೇ ನಂಬಿ ಮನೆಮನೆಯ ಗಡಿಯಾರವನ್ನೂ ಏಳು ನಿಮಿಷ ಹಿಂದಿಟ್ಟುಕೊಂಡರು.

ಅಪ್ಪ ಹಾಸಿಗೆ ಹಿಡಿದ ಮೇಲೆ ಅವನ ಸಹಾಯಕನೇ ಡ್ರೈವರ್ ಆದ. ಯಾರಿಗಾಗಿಯೂ ಒಂದು ನಿಮಿಷ ಕಾಯದ ಅವನಿಗೆ ಊರು ಇಟ್ಟ ಹೆಸರು ಮುಳ್ಳು, ಅಂದರೆ ಗಡಿಯಾರದ ಮುಳ್ಳು. ಅವನ ರೈಲು ಹಿಡಿಯಲು ಜನ ಮನಸ್ಸಿನಲ್ಲೇ ಏಳು ಕೂಡಿಸಿಕೊಂಡು ಹೊರಡುವುದನ್ನು ಕಲಿತರೇ ಹೊರತು ಗಡಿಯಾರ ತಿದ್ದಲಿಲ್ಲ. ಇವತ್ತು ಅಪ್ಪನ ಜೊತೆ ಹೊರಟಿದ್ದರಿಂದಲೋ ಏನೋ, ಕೂಡಿಸುವುದೇ ಯಾರಿಗೂ ನೆನಪಾಗಿರಲಿಲ್ಲ.

ಅಮ್ಮನ ಸಮಾಧಿಯಿದ್ದದ್ದು ಹೊಳೆಯಾಚೆ, ಮೂರನೇ ನಿಲ್ದಾಣದಲ್ಲಿ. ಪಕ್ಕದಲ್ಲೇ ಅಪ್ಪನಿಗೂ ಗುಂಡಿ ತೋಡಿಯಾಗಿತ್ತು. ಅಲ್ಲಿಗೆ ರಸ್ತೆಯಿಲ್ಲ. ಹನ್ನೊಂದು ಹತ್ತರ ರೈಲು ತಪ್ಪಿದರೆ ಮತ್ತೆ ನಾಳೆಯೇ. ಮುಳ್ಳು ಬೆಳಿಗ್ಗೆ ಬಂದು ಬಿಕ್ಕಿಬಿಕ್ಕಿ ಅತ್ತಿದ್ದ. ಹೋಗುವಾಗ ಮಾತ್ರ, ಹತ್ತು ಅಂದರೆ ಹತ್ತೇ, ಗುರುಗಳಾದರೂ ಅಷ್ಟೇ ಎಂದು ಹೇಳಿಯೇ ಹೋಗಿದ್ದ. ಸ್ಟೇಷನ್ನಿಗೆ ಕಾಲು ಗಂಟೆಯ ನಡಿಗೆ.

ತರಗತಿಯಲ್ಲಿ ಹಾಜರಿ ಕೂಗಿದಾಗ ಓಗೊಡಲೂ ನಾಚುತ್ತಿದ್ದ ಮಗಳು ಎರಡು ಸಲ ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ಮೂರನೆಯ ಸಲ ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು.

“ಗಡಿಯಾರ ಹಿಂದಿದೆ ಅತ್ತೆ. ಅಪ್ಪಂಗೆ ರೈಲು ತಪ್ಪುತ್ತೆ.”

ಪಕ್ಕದ ಮನೆಯ ದರ್ಜಿ ಎದ್ದು ನಿಂತ. “ಒಳ್ಳೆ ಕತೆಯಾಯ್ತಲ್ಲ. ಊರಿಗೆಲ್ಲ ರೈಲು ಹಿಡಿಸಿದೋನಿಗೆ ನಾವು ರೈಲು ತಪ್ಪಿಸೋದಾ? ಎತ್ರೋ.”

*

ಕಾಲೇಜಿನ ಎರಡನೇ ವರ್ಷ, ಪರೀಕ್ಷೆಯ ದಿನ, ಅವಳು ತಡವಾಗಿ ರೈಲ್ವೆ ಗೇಟಿನ ತನಕ ಓಡಿ ಬಂದಿದ್ದಳು. ರೈಲು ಸ್ಟೇಷನ್ ಬಿಟ್ಟು ಎದುರಿಗೇ ಬರುತ್ತಿತ್ತು. ಕಿಟಕಿಗಳ ತುಂಬ ಮುಖ. ಅಪ್ಪ ಅವಳನ್ನು ನೋಡಿದ. ಅವಳು ಪುಸ್ತಕ ಎದೆಗವಚಿಕೊಂಡು ನಿಂತಳು. ರೈಲು ಹೊರಟೇಹೋಯಿತು.

ಸಂಜೆ ಅಪ್ಪನೂ ಪೆಚ್ಚಾಗಿದ್ದ. “ಕೈ ಎತ್ತಿದ್ರೆ ನಿಲ್ತಿದ್ದೆ ಮಗಳೇ,” ಎಂದಿದ್ದ. “ಬೇಕು ಅಂತ ಅನ್ನದೋರಿಗೆ ಹೇಗೆ ನಿಲ್ಲಿಸ್ಲಿ?”

ಒಂದು ವಾರ ಅವಳು ಅಪ್ಪನೊಡನೆ ಮಾತಾಡಿರಲಿಲ್ಲ.

*

ಹೆಣ ಹೊತ್ತು ಯಾರಾದರೂ ಓಡುತ್ತಾರೆಯೇ? ಇವರು ಓಡಿದರು. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಹೆಗಲು ಬದಲಿಸುವಾಗ ಪೆಟ್ಟಿಗೆ ಒಮ್ಮೆ ವಾಲಿತು. ಜೀವಮಾನದಲ್ಲಿ ಈ ಮನುಷ್ಯ ಇಷ್ಟು ಜೋರಾಗಿ ಹೋಗಿರಲಿಲ್ಲ ಎಂದು ದರ್ಜಿ ಏದುಸಿರಿನಲ್ಲೇ ಗೊಣಗಿದ. ಗೇಟು ಕಾಣುವಷ್ಟರಲ್ಲಿ ಅದು ಮುಚ್ಚಿತ್ತು. ಆಚೆ ಸ್ಟೇಷನ್ನಿನ ಮೇಲೆ ಕಪ್ಪು ಹೊಗೆ ಎದ್ದಿತು. ರೈಲು ಹೊರಟಿತ್ತು.

ಹೊತ್ತವರ ಕಾಲು ಸೋತು ನಿಂತವು. ಎಲ್ಲರ ಕೈಯೂ ಪೆಟ್ಟಿಗೆಯ ಮೇಲಿತ್ತು.

ಮಗಳು ಗೇಟಿನ ಕೆಳಗೆ ನುಸುಳಿದಳು. ಹಳಿಯಿಂದ ಮಾರು ದೂರ ನಿಂತು, ಅಷ್ಟೂ ಕಿಟಕಿಗಳೆದುರು, ಕೈ ಎತ್ತಿದಳು.

ಇಂಜಿನ್ನು ಬಂದಂತೆಯೇ ಬಂತು. ಆಮೇಲೆ ಎರಡು ಸಲ, ಚುಟುಕಾಗಿ, ಹಾರ್ನ್ ಕೇಳಿಸಿತು. ಬ್ರೇಕು ಕಿರ್ರೆಂದಿತು.

ಮುಳ್ಳು ತಲೆ ಹೊರಗೆ ಹಾಕಿದ. ಕಣ್ಣು ಇನ್ನೂ ಕೆಂಪಗಿತ್ತು. “ಮೆಮೊ ಬಂದ್ರೆ ನಿಮ್ಮನೆಗೇ ಕಳಿಸ್ತೀನಿ,” ಎಂದ. “ಹತ್ತಿಸ್ರಪ್ಪ, ನಿಧಾನ.”

ಬೋಗಿಗಳಿಂದ ಜನ ಧುಮುಕಿ ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟರು. ಅತ್ತೆ ಮೆಟ್ಟಿಲೇರಿ ತಿರುಗಿ ನೋಡಿದಳು. ಮಗಳು ನಿಂತಲ್ಲೇ ನಿಂತಿದ್ದಳು, ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ. ಸಡಿಲವಾಗಿದ್ದ ಅಪ್ಪನ ಗಡಿಯಾರ ಮೊಣಕೈತನಕ ಜಾರಿ ಬಿಸಿಲಿಗೆ ಹೊಳೆಯುತ್ತಿತ್ತು.