ಮೂವರು ಓದಿದ ವಾಕ್ಯ

ದ್ಯಾವಮ್ಮನಿಗೆ ಇಂಗ್ಲಿಷಿನ ಮೇಲೆ ಗೌರವ ಹುಟ್ಟಿದ್ದು ಸರ್ವನಾಮದ ಪಾಠ ಆದ ದಿನ. ಅದಕ್ಕೆ ಮುಂಚೆ ಆ ಭಾಷೆಯನ್ನು ಆಕೆ ಬಾಯಿಗೆ ಬಂದಂತೆ ಬೈದಿದ್ದುಂಟು.

ಬೈಯದೆ ಇನ್ನೇನು ಮಾಡಿಯಾಳು? ಸೊಸೆ ರುಕ್ಮಿಣಮ್ಮ ಲೋವರ್ ಸೆಕೆಂಡರಿ ಪರೀಕ್ಷೆಗೆ ಕಟ್ಟಿದ್ದಳು. ಪಾಸಾದರೆ ಮಾಕಳಿದುರ್ಗದ ಬುಡದಲ್ಲಿದ್ದ ಅವರ ಊರಿಗೆ ಹೆಣ್ಣುಮಕ್ಕಳ ಇಸ್ಕೂಲು ಬರುತ್ತದೆ, ಅವಳೇ ಮೇಷ್ಟ್ರಮ್ಮ. ಇಲ್ಲವಾದರೆ ಇಸ್ಕೂಲು ಪಕ್ಕದೂರಿನ ಪಾಲು. ಮಾವ ಗೋಪಾಲಪ್ಪನಂತೂ ಹೆಂಡತಿಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ಒಂದೇ ಸಲ. ಫೇಲಾದ್ರೆ ಪುಸ್ತಕ ಒಲೆಗೆ. ಸೊಸೆ ಇಸ್ಕೂಲಿಗೆ ಹೋದ್ರೆ ರಾಗಿ ಹೊಲದಲ್ಲಿ ಕಳೆ ಕೀಳೋರು ಯಾರು, ನಿಮ್ಮಪ್ಪನಾ?"

ಮಗ ರಾಮಾಂಜಿನಪ್ಪ ಬೆಂಗಳೂರಿನ ಮಿಲ್ಲಿನಲ್ಲಿದ್ದ. ಯುದ್ಧ ಮುಗಿದು ವರ್ಷವಾಗುತ್ತಾ ಬಂದಿದ್ದರೂ ಅವನ ಪಾಳಿ ಮಾತ್ರ ಮುಗಿದಿರಲಿಲ್ಲ. ಹೀಗಾಗಿ ಊರಿನ ಗಂಗಣ್ಣ ಮೇಷ್ಟ್ರು ದಿನಾ ಮಧ್ಯಾಹ್ನ ಜಗಲಿಗೆ ಬಂದು ಪಾಠ ಹೇಳುತ್ತಿದ್ದರು. ವಯಸ್ಸಿನ ಸೊಸೆ, ಎದುರಿಗೆ ಪರಗಂಡಸು. ಅತ್ತೆಯಾದವಳು ಕಾವಲಿಗೆ ಕೂರಬೇಕಲ್ಲ! ದ್ಯಾವಮ್ಮ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ ಕೂತಳು. ಅವರೆಕಾಯಿ ಕಾಲ ಹೋಗಿ ಹುಣಸೆಹಣ್ಣು ಬಿಡಿಸುವ ಕಾಲ ಬಂದರೂ ಕೂತೇ ಇದ್ದಳು. ಅಕ್ಷರ ಗೊತ್ತಿಲ್ಲದಿದ್ದರೇನು, ಕಿವಿ ಚುರುಕಾಗಿತ್ತು.

"ನಾವು 'ಹಸು ಹುಲ್ಲು ತಿನ್ತು' ಅಂತೀವಿ. ಅವರು ಕ್ರಿಯಾಪದಾನ ನಡುವೆ ಹಾಕ್ತಾರೆ. ಹಸು ತಿನ್ತು ಹುಲ್ಲು," ಎಂದರು ಮೇಷ್ಟ್ರು.

"ಏನು ತಿಂತೀನಿ ಅಂತ ಗೊತ್ತಾಗೋ ಮುಂಚೇನೇ ತಿಂದ್ಬಿಡ್ತಾ? ಹಾಳಾದ್ ಹಸು!" ಎಂದಳು ದ್ಯಾವಮ್ಮ.

ಇನ್ನೊಂದು ದಿನ ಮೇಷ್ಟ್ರು, "ನಮ್ಮ 'ಮನೆ ಒಳಗೆ' ಅನ್ನೋದು ಅವರಿಗೆ 'ಇನ್ ದಿ ಹೌಸ್'. 'ಒಳಗೆ' ಮೊದಲು, ಮನೆ ಆಮೇಲೆ," ಎಂದರು.

"ಮನೆ ಕಾಣೋಕೆ ಮುಂಚೇನೇ ಒಳಗೆ ನುಗ್ತಾರಾ? ಅದಕ್ಕೇ ಕಣಪ್ಪ, ನಮ್ಮ ದೇಶದೊಳಕ್ಕೂ ಹಂಗೇ ನುಗ್ಗಿದ್ದು!"

ಕರಿ ಹಸುವಿಗೆ 'ಬ್ಲ್ಯಾಕ್ ಕೌ' ಎನ್ನುತ್ತಾರೆ, ಬಣ್ಣ ಮೊದಲು, ಹಸು ಆಮೇಲೆ, ನಮ್ಮ ಹಾಗೆಯೇ ಎಂದಾಗ ಮಾತ್ರ ಆಕೆ, "ಸದ್ಯ, ಇದೊಂದಾದ್ರೂ ನೆಟ್ಟಗೆ ಕಲ್ತವ್ರೆ," ಎಂದು ಸಮಾಧಾನಪಟ್ಟಳು.

ಆಮೇಲೆ ಬಂತು ಸರ್ವನಾಮ. "'ಹೀ' ಅಂದ್ರೆ ಅವನು, ಅವರು. ಹೆಸರಿನ ಜಾಗದಲ್ಲಿ ನಿಲ್ಲೋ ಪದ ಇದು. ಹೆಸರು ಹೇಳೋದು ಬೇಡ ಅನ್ನಿಸಿದ ಕಡೆ ಇದನ್ನ ಹಾಕ್ಬೋದು," ಎಂದರು ಮೇಷ್ಟ್ರು.

ದ್ಯಾವಮ್ಮನ ಕೈ ಅಲ್ಲೇ ನಿಂತಿತು. "ಹಂಗಾದ್ರೆ ಆ ದೊರೆಸಾನೀರೂ ಗಂಡನ ಹೆಸರು ಹೇಳಲ್ವಾ!"

ತಿದ್ದಲು ಬಾಯಿ ತೆರೆದ ಮೇಷ್ಟ್ರು ಆಕೆಯ ಅರಳಿದ ಮುಖ ನೋಡಿ ಸುಮ್ಮನಾದರು. ಅವತ್ತು ಅವರಿಗೆ ಮಜ್ಜಿಗೆಯ ಜೊತೆ ಎರಡು ನಿಪ್ಪಟ್ಟೂ ಬಂತು.

ಆ ಮನೆಯ ಹೆಂಗಸರು ಗಂಡನ ಹೆಸರು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಮದುವೆಯಾದ ದಿನ ನಾದಿನಿ ಹೊಸಿಲಲ್ಲಿ ಅಡ್ಡ ನಿಂತು ಪೀಡಿಸಿದಾಗ ದ್ಯಾವಮ್ಮ ಒಂದೇ ಒಂದು ಸಲ ಹೇಳಿದ್ದಳು, ಅದೂ ಸೊಳ್ಳೆಯ ದನಿಯಲ್ಲಿ. ಅದಾಗಿ ಮೂವತ್ತೈದು ವರ್ಷ. ಗಂಡ ಗೋಪಾಲಪ್ಪನಾದ್ದರಿಂದ ಗೋಪಾಲಸ್ವಾಮಿ ದೇವರೂ ಆಕೆಯ ಬಾಯಲ್ಲಿ 'ಕೊಳಲು ಸ್ವಾಮಿ'. ರುಕ್ಮಿಣಮ್ಮನಿಗೋ ಗಂಡನ ಹೆಸರೂ ಇಲ್ಲ, ಮಾವನ ಹೆಸರೂ ಇಲ್ಲ. ಆದರೆ ಆ ಹಾಳು ಇಂಗ್ಲಿಷ್ ಪುಸ್ತಕದ ತುಂಬ ರಾಮನೇ! ರಾಮ ಕಂಡಲ್ಲೆಲ್ಲ ಅವಳು 'ಹೀ', 'ಹಿಸ್', 'ಹಿಮ್' ಎಂದು ಹಾಕಿಕೊಂಡು, ಎಲ್ಲೂ ಎಡವದೆ ಸರಸರ ಓದಿಬಿಡುತ್ತಿದ್ದಳು. ವಾಕ್ಯ ಸರಿಯಾಗಿದೆಯಲ್ಲ ಎಂದು ಮೇಷ್ಟ್ರೂ ಬಿಟ್ಟರು. ಎಡವಟ್ಟಾಗಿದ್ದು ಅಲ್ಲೇ.

ಬರೆಯುವ ಪರೀಕ್ಷೆಗೆ ತೊಂದರೆಯಾಗಲಿಲ್ಲ. ಹೆಸರನ್ನು ಕೈಯಲ್ಲಿ ಬರೆಯಬಾರದೆಂದು ಯಾರೂ ಕಟ್ಟು ಮಾಡಿರಲಿಲ್ಲ. ಉಳಿದದ್ದು ಬಾಯಿ ಪರೀಕ್ಷೆ. ಅದಕ್ಕೆ ದೊಡ್ಡಬಳ್ಳಾಪುರಕ್ಕೆ ಗಾಡಿ ಕಟ್ಟಿದರು. ಹೊಡೆಯಲು ಬೇರೆ ಯಾರೂ ಇಲ್ಲದೆ ಗೋಪಾಲಪ್ಪನೇ ಬಂದ. ದಾರಿಯುದ್ದಕ್ಕೂ ಎತ್ತುಗಳ ಜೊತೆ ಮಾತ್ರ ಮಾತಾಡಿದ. ಇಸ್ಕೂಲಿನ ಅಂಗಳದ ದೊಡ್ಡ ಹೊಂಗೆಮರದ ಕೆಳಗೆ ಗಾಡಿ ಬಿಟ್ಟು, ಎಲೆಅಡಿಕೆ ಹಾಕಿಕೊಂಡು ಅಲ್ಲೇ ಕೂತ. ದ್ಯಾವಮ್ಮ ಸೊಸೆಯ ಬೆನ್ನಿಗೆ ಕೋಣೆಯ ಬಾಗಿಲವರೆಗೆ ಹೋಗಿ ಹೊಸಿಲ ಪಕ್ಕ ಕೂತಳು.

ಕೋಟು ರುಮಾಲಿನ ಪರೀಕ್ಷಕರು ಪುಸ್ತಕ ಬಿಚ್ಚಿಕೊಟ್ಟರು. ರುಕ್ಮಿಣಮ್ಮ ಓದಿದಳು: "ಹೀ ಹ್ಯಾಸ್ ಎ ಬ್ಲ್ಯಾಕ್ ಕೌ."

"ಇಲ್ಲಿ 'ಹೀ' ಎಲ್ಲಿದೆಯಮ್ಮ? ಇದ್ದದ್ದನ್ನ ಓದು."

ಅವಳು ಮತ್ತೆ 'ಹೀ' ಎಂದಳು. ಮೂರನೆಯ ಸಲ ಅದೂ ಹೊರಡಲಿಲ್ಲ. ತಲೆ ತಗ್ಗಿಸಿದಳು.

"ಓದೋಕೆ ಬರಲ್ಲ ಅಂತ ಬರ್ಕೋಬೇಕಾಗುತ್ತೆ," ಎಂದು ಪರೀಕ್ಷಕರು ಪೆನ್ನು ಎತ್ತಿದರು.

ದ್ಯಾವಮ್ಮ ಹೊಸಿಲ ಪಕ್ಕದಿಂದಲೇ ಆ ಪೆನ್ನು ನೋಡಿದಳು. ಈ ಹುಡುಗಿ ಫೇಲಾದರೆ ಜಗಲಿಯ ಪಾಠವೂ ಹೋಯಿತು. ತನ್ನ ದಿನದಲ್ಲಿ ತನಗೆ ಹಿತವಾದ ಹೊತ್ತೆಂದರೆ ಅದೊಂದೇ ಎಂದು ಆಕೆಗೆ ಹೊಳೆದದ್ದು ಆಗಲೇ. ತಡೆಯಲಾಗದೆ ಎದ್ದು ನಿಂತಳು.

"ಬರೀಬ್ಯಾಡಿ ಸ್ವಾಮಿ! ಅದು ಅವಳ ಗಂಡನ ಹೆಸರು."

"ಅದಕ್ಕೆ ನಾನೇನಮ್ಮ ಮಾಡಲಿ? ಪುಸ್ತಕದಲ್ಲಿರೋ ಅಷ್ಟೂ ಪದ ನನ್ನ ಕಿವಿಗೆ ಬೀಳಬೇಕು."

"ಬೀಳ್ತದೆ ಬಿಡಿ. ಅವಳಿಗೆ ಗಂಡ, ನನಗೆ ಮಗ. ನಾನೇ ಹೆತ್ತು ನಾನೇ ಇಟ್ಟ ಹೆಸರು. ಅದು ಬಂದಾಗ ನಾನು ಹೇಳ್ತೀನಿ, ಮಿಕ್ಕಿದ್ದೆಲ್ಲ ಅವಳು ಓದ್ತಾಳೆ."

"ಹೀಗೆ ಓದಬಹುದು ಅಂತ ಯಾವ ರೂಲ್ಸಲ್ಲೂ ಇಲ್ಲ."

"ಓದಬಾರದು ಅಂತ ಐತಾ?"

ಪರೀಕ್ಷಕರು ಯೋಚಿಸಿದರು. ಹಾಗೂ ಇರಲಿಲ್ಲ. ಪೆನ್ನು ಕೆಳಗಿಟ್ಟರು.

"ರಾಮಾ!" ಎಂದಳು ದ್ಯಾವಮ್ಮ, ಆಟಕ್ಕೆ ಹೋದ ಮಗನನ್ನು ಊಟಕ್ಕೆ ಕರೆಯುವ ದನಿಯಲ್ಲಿ.

"ಹ್ಯಾಸ್ ಎ ಬ್ಲ್ಯಾಕ್ ಕೌ," ಎಂದಳು ರುಕ್ಮಿಣಮ್ಮ.

"ರಾಮಾ!"

"ಗಿವ್ಸ್ ಗ್ರೀನ್ ಗ್ರಾಸ್ ಟು ದಿ ಕೌ."

ಅತ್ತೆ ಸೊಸೆಯ ಗಾಡಿ ಓಡತೊಡಗಿತು. ಕಿಟಕಿಯಾಚೆ ಜನ ಸೇರಿದರು. ಪರೀಕ್ಷಕರ ಮೀಸೆಯ ಕೆಳಗೆ ನಗು ಕಾಣಿಸಿತು. ಕೊನೆಯ ಸಾಲಿಗೆ ಬಂದ ರುಕ್ಮಿಣಮ್ಮ ಗಕ್ಕನೆ ನಿಂತು ಅತ್ತೆಯ ಕಡೆ ನೋಡಿದಳು. ಜಗಲಿಯಲ್ಲಿ ಮೇಷ್ಟ್ರು ಓದಿ ಹೇಳಿದ್ದು ನೆನಪಿದ್ದ ದ್ಯಾವಮ್ಮನಿಗೆ ಗೊತ್ತಾಯಿತು. ಈ ಸಾಲಿನಲ್ಲಿ ಮೊದಲಿಗೇ ಬರುವುದು ರಾಮನ ಗೆಳೆಯ ಗೋಪಾಲ್. ಸೊಸೆಗೆ ಮಾವ, ತನಗೆ ಗಂಡ. ಇಬ್ಬರ ಬಾಯಿಗೂ ಬೀಗ.

"ಇದೊಂದು ಸಾಲು ಬಾಕಿ," ಎಂದರು ಪರೀಕ್ಷಕರು. "ಇದನ್ನ ಬಿಟ್ಟರೆ ಓದಿ ಮುಗಿಸಿದ ಹಾಗಾಗಲ್ಲ."

ದ್ಯಾವಮ್ಮ ದಡದಡ ಕಿಟಕಿಗೆ ಹೋದಳು. "ಇಗಾ, ರಾಮನಪ್ಪ! ಬನ್ನಿ ಇಲ್ಲಿ. ನಿಮ್ಮ ಹೆಸರು ಒಂದ್ಸಲ ಹೇಳಿ."

ಗೋಪಾಲಪ್ಪ ಕೂತಲ್ಲಿಂದಲೇ ನೋಡಿದ. ಅವನು ಸುಮ್ಮನೆ ಕೂತರೂ ಸಾಕಿತ್ತು. ಪುಸ್ತಕ ಒಲೆಗೆ, ಸೊಸೆ ಹೊಲಕ್ಕೆ. ದ್ಯಾವಮ್ಮ ಕಿಟಕಿಯ ಸರಳು ಹಿಡಿದುಕೊಂಡು, "ನಿಮ್ಮ ದಮ್ಮಯ್ಯ," ಎಂದಳು. ಮೂವತ್ತೈದು ವರ್ಷದಲ್ಲಿ ಆಕೆ ಅವನಿಗೆ ಹಾಗೆಂದದ್ದು ಅದೇ ಮೊದಲು. ಅವನು ಎಲೆಅಡಿಕೆ ಉಗಿದು, ಬಾಯಿ ಒರೆಸಿಕೊಂಡು ಎದ್ದು ಬಂದ.

"ಗೋಪಾಲಪ್ಪ," ಎಂದ.

"'ಅಪ್ಪ' ಬಿಟ್ಟು ಹೇಳಿ ಯಜಮಾನ್ರೇ," ಎಂದರು ಪರೀಕ್ಷಕರು.

"'ಅಪ್ಪ' ಬಿಟ್ಟು ನನ್ನ ಕರೀತಿದ್ದೋಳು ನಮ್ಮವ್ವ ಒಬ್ಬಳೇ ಸ್ವಾಮಿ. ಅವಳು ಹೋಗಿ ಇಪ್ಪತ್ತು ವರ್ಷ ಆಯ್ತು." ಆಮೇಲೆ ಮೆತ್ತಗೆ, "ಗೋಪಾಲ್," ಎಂದ.

"ಸಿಟ್ಸ್ ಅಂಡರ್ ದಿ ಬಿಗ್ ಟ್ರೀ ವಿತ್..." ರುಕ್ಮಿಣಮ್ಮ ಅತ್ತೆಯ ಕಡೆ ತಿರುಗಿದಳು.

"ರಾಮ," ಎಂದು ಮುಗಿಸಿದಳು ದ್ಯಾವಮ್ಮ. ಕಣ್ಣೊರೆಸಿಕೊಳ್ಳುವುದಕ್ಕೂ ಆಕೆ ನಾಚಲಿಲ್ಲ.

"ಪಾಸು," ಎಂದು ಪರೀಕ್ಷಕರು ಬರೆದುಕೊಂಡರು.

ಊರ ದಾರಿಯಲ್ಲಿ ಗಾಡಿ ಅರ್ಧ ದೂರ ಬಂದ ಮೇಲೆ ಗೋಪಾಲಪ್ಪ ಹಿಂದಕ್ಕೆ ತಿರುಗದೆಯೇ ಕೇಳಿದ: "ಅಲ್ಲಾ ಕಣೇ, ನನ್ನ ಹೆಸರು ಹಾಕಿ ಅದೇನೋ ಓದಿದ್ರಲ್ಲ, ಏನದು?"

ದ್ಯಾವಮ್ಮ ಪದ ಪದ ಬಿಡಿಸಿ ಹೇಳಿದಳು. "ನೀವು ದೊಡ್ಡ ಮರದ ಕೆಳಗೆ ಕೂತಿದ್ದೀರ, ಮಗನ ಜೊತೆ."

"ಅಷ್ಟೇಯಾ?"

"ಅಷ್ಟೇ."

"ಕಳೆ ಗಿಳೆ ಕೀಳೋದು ಏನೂ ಇಲ್ವಾ?"

"ಇಲ್ಲ. ಸುಮ್ನೆ ಕೂತಿರೋದು."

ಗೋಪಾಲಪ್ಪ ಎತ್ತಿನ ಬೆನ್ನು ಸವರಿದ. "ಪರವಾಗಿಲ್ಲ," ಎಂದ. "ನಾಳೆ ಇನ್ನೊಂದು ಸಲ ಓದೋಕೆ ಹೇಳು ಅವಳಿಗೆ. ಹೆಸರು ನಾನು ಹೇಳ್ತೀನಿ."