ಚೀಟಿ ಇಲ್ಲದ ಅಧ್ಯಕ್ಷ

“ಸಾಹೇಬ್ರಿಗೆ ಚೀಟಿ ಯಾಕ್ರೀ?” ಎಂದು ನಗುತ್ತಲೇ ಶಿವಪ್ರಕಾಶ, ಪಕ್ಷದ ಸ್ಥಳೀಯ ಅಧ್ಯಕ್ಷ ನರಹರಿಯ ಕೈಯಿಂದ ಸನ್ಮಾನದ ಹೆಸರುಗಳ ಪಟ್ಟಿ ಕಿತ್ತುಕೊಂಡು ಜೇಬಿಗಿಳಿಸಿದ. “ಲಿಂಗಂಪಲ್ಲಿಯ ಒಬ್ಬೊಬ್ಬ ಕಾರ್ಯಕರ್ತನ ಹೆಸರೂ ಅವರ ನಾಲಿಗಿ ಮ್ಯಾಲ ಐತಿ.” ಸಭೆ ಚಪ್ಪಾಳೆ ತಟ್ಟಿತು.

ಮುಂದಿನ ಸಾಲಿನಲ್ಲಿದ್ದ ನರಹರಿಯ ಹೆಂಡತಿ ವಿಶಾಲಾಕ್ಷಿ ಅರ್ಧ ಎದ್ದು ಮತ್ತೆ ಕೂತಳು. ಆ ಪಟ್ಟಿ ಬೆಳಿಗ್ಗೆ ಅವಳೇ ಬರೆದುಕೊಟ್ಟದ್ದು. “ಈಗೀಗ ಹೆಸರು ಮರೀತಾರಪ್ಪಾ, ನೀನ ಸ್ವಲ್ಪ ಸಂಭಾಳಿಸು” ಎಂದು ನಿನ್ನೆ ಫೋನಿನಲ್ಲಿ ಇದೇ ಮಹಾನುಭಾವನನ್ನು ಬೇಡಿಕೊಂಡದ್ದೂ ಅವಳೇ. ಮಗನಂಥವನು ಅಂದುಕೊಂಡಿದ್ದಳು, ಪಾಪ!

ಎರಡು ಚುನಾವಣೆ ಸೋತ ಮೇಲೆ ಪಕ್ಷದಲ್ಲಿ ನರಹರಿಗೆ ಉಳಿದದ್ದು ಇದೊಂದೇ: ಎಂಥ ಸಣ್ಣವನನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ಇವತ್ತು ಅದೂ ಹೋದರೆ ಕುರ್ಚಿಯೂ ಹೋಯಿತೆಂದೇ ಲೆಕ್ಕ. ಆ ಕುರ್ಚಿಗೆ ಜೊಲ್ಲು ಸುರಿಸುತ್ತಿದ್ದವರು ಇಬ್ಬರು: ಮೈಕು ಹಿಡಿದ ಶಿವಪ್ರಕಾಶ, ವೇದಿಕೆಯ ತುದಿಯಲ್ಲಿ ಕೂತ ಕೊಂಡಾಪುರದ ದೀಪಕ. ಒಬ್ಬರ ಮುಖ ಒಬ್ಬರಿಗಾಗದು. ಮುದುಕನನ್ನು ಇಳಿಸಲಿಕ್ಕೆ ಮಾತ್ರ ಒಂದಾಗಿದ್ದರು.

ಸನ್ಮಾನಕ್ಕೆಂದು ಮೊಟ್ಟಮೊದಲು ವೇದಿಕೆ ಹತ್ತಿದವನು ಹುಲಗೇಶ. ಮೂವತ್ತು ವರ್ಷ ನರಹರಿಯ ಪೋಸ್ಟರು ಅಂಟಿಸಿಯೇ ಸವೆದವನು. ನರಹರಿ ಪ್ರೀತಿಯಿಂದ ಅವನ ಹೆಗಲು ಹಿಡಿದ. ತುಟಿ ಸುಮ್ಮನೆ ಅಲ್ಲಾಡಿತು.

“ಬಾರಪ್ಪಾ… ದೀಪಕಾ!”

“ಬಂದೀನ್ರೀ ಸಾಹೇಬ್ರ,” ಎಂದುಬಿಟ್ಟ ಹುಲಗೇಶ, ಕಣ್ಣು ಮಿಟುಕಿಸದೆ.

“ಸಾರ್, ದೀಪಕ ಇಲ್ಲೇ ಅದೀನ್ರೀ!” ಅಸಲಿ ದೀಪಕ ಎದ್ದು ಕೈ ಎತ್ತಿದ.

ಶಿವಪ್ರಕಾಶ ಮೈಕನ್ನು ಹುಲಗೇಶನ ಬಾಯಿಗೆ ತುರುಕಿ, ಆ ತೆಲುಗು ಊರಿನ ಸಭೆಗೆಲ್ಲ ತಿಳಿಯಲೆಂದೇ ತೆಲುಗಿನಲ್ಲಿ ಕೇಳಿದ: “ನುವ್ವೆವರನ್ನಾ ಮರಿ? ಚೆಪ್ಪು!” ಹಂಗಾದ್ರ ನೀ ಯಾರಣ್ಣಾ, ಹೇಳು ಅಂತ.

ಹುಲಗೇಶ ಮೈಕನ್ನು ಬದಿಗೆ ಸರಿಸಿದ. ಸಭೆ ಬಿದ್ದು ಬಿದ್ದು ನಕ್ಕಿತು.

“ಸಾಹೇಬ್ರಿಗೆ ಆರಾಮ ಬೇಕಾಗೇತಿ,” ಎಂದು ಶಿವಪ್ರಕಾಶ ಗದ್ಗದಿತನಾದ. ಎಂಥ ನಟ! ಅವನೂ ದೀಪಕನೂ ಒಂದೊಂದು ರಟ್ಟೆ ಹಿಡಿದು, ಕ್ಯಾಮೆರಾಕ್ಕೆ ಮುಖ ಕೊಡುತ್ತ, ನರಹರಿಯನ್ನು ಮೆಟ್ಟಿಲಿಳಿಸಿ ಹೆಂಡತಿಯ ಪಕ್ಕ ಕೂಡಿಸಿದರು.

“ಮಂದಿ ಎಷ್ಟ ಖುಷಿಯಾದ್ರು ನೋಡಿದೇನು?” ಎಂದ ನರಹರಿ. “ಒಂದು ಹೆಸರೂ ತಪ್ಪಲಿಲ್ಲ, ಹೌದಿಲ್ಲೋ?”

ನಿನ್ನೆ ಫೋನಿನಲ್ಲಿ ಬಾಯಿಬಿಟ್ಟದ್ದು ನೆನೆದು ವಿಶಾಲಾಕ್ಷಿಗೆ ತನ್ನ ಬಾಯಿ ತಾನೇ ಹೊಲಿದುಕೊಳ್ಳಬೇಕೆನಿಸಿತು. “ಒಂದೂ ತಪ್ಪಲಿಲ್ರೀ,” ಎಂದಳು.

ವೇದಿಕೆಯ ಮೇಲಿದ್ದ ಪಕ್ಷದ ಹಿರಿಯರು ಅಲ್ಲಿಂದಲೇ ಹೊಸ ಅಧ್ಯಕ್ಷನ ಹೆಸರು ಕೂಗಿದರು. ಶಿವಪ್ರಕಾಶ. ದೀಪಕನ ಮುಖ ಇಷ್ಟೇ ಸಣ್ಣದಾಯಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ನರಹರಿಯೂ ಎದ್ದ. ಶಾಲು ಸರಿಮಾಡಿಕೊಂಡು, ಜನರತ್ತ ತಿರುಗಿ, ಚಪ್ಪಾಳೆ ನಿಲ್ಲುವ ತನಕ ಕೈಮುಗಿದು ನಿಂತ.